ಶಿಬಿರಕ್ಕೆ ಹೊರಟವರ ಹಾಸಿಗೆ: ಸಿಂಧನೂರು, ಲಿಂಗಸುಗೂರು, ಮಸ್ಕಿಯ ರಾತ್ರಿಗಳಿಗೆ ಏನು ಕೊಂಡೊಯ್ಯಬೇಕು?

ಡಿಸೆಂಬರ್ ರಜೆ ಹತ್ತಿರವಾಗುತ್ತಿದ್ದಂತೆ ನಮ್ಮ ಧರ್ಮಕೇಂದ್ರಗಳಲ್ಲಿ ಗ್ರಾಮ ಶಿಬಿರಗಳ ಮಾತು ಶುರುವಾಗುತ್ತದೆ. ಯುವಜನರ ಸಂಘದವರು, ಕಾಲೇಜಿನ ಎನ್ನೆಸ್ಸೆಸ್ ಘಟಕದವರು, ಕೆಲವೊಮ್ಮೆ ಧರ್ಮಭಗಿನಿಯರ ಜೊತೆ ಸೇವೆಗೆಂದು ಹೊರಟ ಸ್ವಯಂಸೇವಕರು ಘಟ್ಟ ಹತ್ತಿ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೋಗುತ್ತಾರೆ. ಹೊರಡುವ ಮೊದಲು ಎಲ್ಲರ ಕೈಗೂ ಒಂದು ಪಟ್ಟಿ ಬರುತ್ತದೆ. ಟಾರ್ಚು, ತಟ್ಟೆ, ಲೋಟ, ಔಷಧಿ, ಗುರುತಿನ ಚೀಟಿ ಎಲ್ಲವೂ ಅದರಲ್ಲಿ ವಿವರವಾಗಿ ಇರುತ್ತವೆ. ಮಲಗುವ ವಿಷಯಕ್ಕೆ ಮಾತ್ರ "ಹಾಸಿಗೆ, ಹೊದಿಕೆ" ಎಂಬ ಎರಡೇ ಪದ. ಹಗಲಿಡೀ ಮಣ್ಣು ಹೊತ್ತು ದುಡಿದವನು ರಾತ್ರಿ ನಿದ್ದೆ ಮಾಡದಿದ್ದರೆ ಮೂರನೆಯ ದಿನಕ್ಕೆ ಶಿಬಿರವೇ ಮುಗಿದಂತೆ ಎಂಬುದನ್ನು ಅನುಭವಸ್ಥರು ಬಲ್ಲರು. ಆದ್ದರಿಂದ ಆ ಎರಡು ಪದಗಳನ್ನು ಸ್ವಲ್ಪ ಬಿಡಿಸಿ ಹೇಳುವ ಪ್ರಯತ್ನ ಇಲ್ಲಿದೆ.

ಕೆಲವು ವರ್ಷಗಳ ಹಿಂದೆ ಮಸ್ಕಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾವು ಇಪ್ಪತ್ತು ಮಂದಿ ಮಲಗಿದ್ದೆವು. ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಚಳಿ ಎಂದರೆ ಒಂದು ಬೆಡ್‌ಶೀಟಿನ ಮಾತು. ಪ್ಲಾಸ್ಟಿಕ್ ಚಾಪೆ ಹಾಸಿ, ಶೀಟು ಹೊದ್ದು, ತಮಾಷೆ ಮಾಡುತ್ತಾ ಮಲಗಿದವರು ಬೆಳಗಿನ ಮೂರು ಗಂಟೆಗೆ ಒಬ್ಬೊಬ್ಬರಾಗಿ ಎದ್ದು ಕುಳಿತೆವು. ಇದ್ದಬದ್ದ ಬಟ್ಟೆಯನ್ನೆಲ್ಲ ಮೈಮೇಲೆ ಹಾಕಿಕೊಂಡರೂ ಬೆನ್ನಿನ ಚಳಿ ಹೋಗಲಿಲ್ಲ. ಮರುದಿನ ಸಂಜೆ ಅಡುಗೆಗೆ ನೆರವಾಗುತ್ತಿದ್ದ ಹಿರಿಯ ಹೆಂಗಸೊಬ್ಬರು ನಾಲ್ಕೈದು ಮನೆಗಳಿಂದ ಕೌದಿಗಳನ್ನು ಹೊತ್ತು ತಂದರು. ನಾವು ಅವನ್ನು ಹೊದೆಯಲು ಎತ್ತಿಕೊಂಡಾಗ ಅವರು ನಕ್ಕು ಹೇಳಿದ್ದು ಇಷ್ಟು: "ಮ್ಯಾಲ ಎಷ್ಟ್ ಹೊದ್ಕೊಂಡ್ರೂ ಥಂಡಿ ಹೋಗಂಗಿಲ್ಲ ತಮ್ಮಾ, ಮದಲ ಕೆಳಗ ಹಾಸ್ಕೋರಿ."

ಶಿಬಿರದ ಹಾಸಿಗೆಯ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಇದೇ. ಉಳಿದದ್ದೆಲ್ಲ ಅದರ ವಿವರಣೆ.

ಊರಿನ ಪರಿಚಯ

ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ರಾಯಚೂರು ಜಿಲ್ಲೆಯ ತಾಲೂಕುಗಳು. ಹಿಂದೆ ಲಿಂಗಸುಗೂರಿಗೆ ಸೇರಿದ್ದ ಮಸ್ಕಿ ಪಟ್ಟಣ ಈಗ ಪ್ರತ್ಯೇಕ ತಾಲೂಕಿನ ಕೇಂದ್ರ. 1915ರಲ್ಲಿ ಅಲ್ಲಿ ಸಿಕ್ಕಿದ ಶಿಲಾಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ಕಂಡದ್ದರಿಂದ ಶಾಲೆಯ ಪುಸ್ತಕಗಳಲ್ಲೆಲ್ಲ ಮಸ್ಕಿ ಇದೆ. ಲಿಂಗಸುಗೂರು ತಾಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯಿದೆ. ಅದೇ ತಾಲೂಕಿನ ಮುದಗಲ್ಲಿನಲ್ಲಿ ಶತಮಾನಗಳಷ್ಟು ಹಳೆಯ ಕಥೋಲಿಕ ಸಮುದಾಯವಿರುವುದು ನಮ್ಮಲ್ಲಿ ಹಲವರಿಗೆ ಗೊತ್ತು. ಜಿಲ್ಲೆಯ ಧರ್ಮಕೇಂದ್ರಗಳು ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿವೆ.

ಸಿಂಧನೂರಿನವರಿಗೆ "ಕ್ಯಾಂಪ್" ಎಂದರೆ ಡೇರೆ ಹಾಕುವ ಶಿಬಿರವಲ್ಲ, ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಭತ್ತ ಬೆಳೆದ ರೈತರು ನೆಲೆಸಿದ ಹಳ್ಳಿಗಳಿಗೆ ಇಂದಿಗೂ ಕ್ಯಾಂಪ್ ಎಂದೇ ಹೆಸರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಅರ್ಧ ಶತಮಾನದ ಹಿಂದೆ ಕಟ್ಟಿಕೊಟ್ಟ ಪುನರ್ವಸತಿ ಕ್ಯಾಂಪುಗಳೂ ಇದೇ ತಾಲೂಕಿನಲ್ಲಿವೆ. "ನಾವು ಕ್ಯಾಂಪಿಗೆ ಬಂದಿದ್ದೇವೆ" ಎಂದು ಬಸ್ ನಿಲ್ದಾಣದಲ್ಲಿ ಹೇಳಿದರೆ "ಯಾವ ಕ್ಯಾಂಪಿಗೆ?" ಎಂಬ ಮರುಪ್ರಶ್ನೆ ಬರುವುದು ಖಂಡಿತ!

ಜನವರಿಯ ಬೆಳಗಿನ ಜಾವ ಮಂಗಳೂರಿನಲ್ಲಿ ತಾಪಮಾನ ಸಾಮಾನ್ಯವಾಗಿ 21-22 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ಸಮುದ್ರ ಮತ್ತು ಗಾಳಿಯ ತೇವಾಂಶ ಹಗಲಿನ ಶಾಖವನ್ನು ಹಿಡಿದಿಡುತ್ತವೆ. ರಾಯಚೂರು ಸೀಮೆ ಒಣನೆಲ. ಗಾಳಿ ಒಣ, ಆಕಾಶ ಶುಭ್ರ, ಗಿಡಮರ ಕಡಿಮೆ. ಸೂರ್ಯ ಮುಳುಗಿದ ಮೇಲೆ ನೆಲದ ಶಾಖ ತಡೆಯಿಲ್ಲದೆ ಮೇಲಕ್ಕೆ ಹೋಗುತ್ತದೆ. ಹಗಲು 30 ಡಿಗ್ರಿ ಇದ್ದದ್ದು ಮುಂಜಾವಿಗೆ 15ರ ಆಸುಪಾಸಿಗೆ, ಚಳಿ ಜೋರಾದ ವರ್ಷ ಇನ್ನೂ ಕೆಳಗೆ ಬರುತ್ತದೆ. ಥರ್ಮಾಮೀಟರಿನಲ್ಲಿ ಇದು ದೊಡ್ಡ ಚಳಿಯಲ್ಲ. ಆದರೆ ಕಲ್ಲು ಹಾಸಿನ ಮೇಲೆ ಮಲಗಿದವನಿಗೆ ಸಾಕಷ್ಟು ದೊಡ್ಡದೇ.

ಬೆನ್ನಿನ ಚಳಿ

ಹೊದಿಕೆ ತಾನಾಗಿ ಶಾಖ ಕೊಡುವುದಿಲ್ಲ. ನಮ್ಮ ಮೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೆ. ತಡೆಯುವುದು ಬಟ್ಟೆಯೂ ಅಲ್ಲ, ಬಟ್ಟೆಯ ಎಳೆಗಳ ನಡುವೆ ಸಿಕ್ಕಿ ಅಲುಗಾಡದೆ ನಿಂತ ಗಾಳಿ. ದಪ್ಪ ರಗ್ಗು ಬೆಚ್ಚಗಿರುವುದು ಅದರಲ್ಲಿ ಗಾಳಿ ಹೆಚ್ಚು ನಿಲ್ಲುವುದರಿಂದ. ಆದರೆ ನಾವು ಮಲಗಿದಾಗ ಮೈಕೆಳಗಿನ ಹಾಸು ನಮ್ಮದೇ ಭಾರಕ್ಕೆ ಅಪ್ಪಚ್ಚಿಯಾಗುತ್ತದೆ, ಗಾಳಿಯೆಲ್ಲ ಹೊರಗೆ ಹೋಗುತ್ತದೆ. ಕೆಳಗಿನ ಸಿಮೆಂಟು ಅಥವಾ ಕಲ್ಲು ರಾತ್ರಿಯಿಡೀ ಮೈಯ ಶಾಖವನ್ನು ಹೀರುತ್ತಲೇ ಇರುತ್ತದೆ. ಆ ಸೀಮೆಯ ಶಾಲೆ, ಸಮುದಾಯ ಭವನಗಳಲ್ಲಿ ಬಹುಮಟ್ಟಿಗೆ ಇರುವುದು ಸಿಮೆಂಟಿನ ಅಥವಾ ಶಹಾಬಾದ್ ಕಲ್ಲಿನ ನೆಲ. ಬೇಸಗೆಯಲ್ಲಿ ಅದರಷ್ಟು ಹಿತವಾದದ್ದು ಇಲ್ಲ, ಚಳಿಗಾಲದಲ್ಲಿ ಅದರಷ್ಟು ಕ್ರೂರವಾದದ್ದೂ ಇಲ್ಲ.

ಹಾಗಾಗಿ ಭಾರ ಬಿದ್ದರೂ ಅಪ್ಪಚ್ಚಿಯಾಗದ ವಸ್ತು ಕೆಳಗೆ ಬೇಕು. ಪೇಟೆಯಲ್ಲಿ ಸಿಗುವ ಫೋಮ್ ಚಾಪೆಗಳಲ್ಲಿ ಎರಡು ವಿಧ. ಸ್ಪಂಜಿನಂತೆ ಒತ್ತಿದರೆ ಕುಗ್ಗುವ, ನೀರು ಕುಡಿಯುವ ಫೋಮ್ ಒಂದು. ಸಣ್ಣ ಸಣ್ಣ ಗುಳ್ಳೆಗಳೊಳಗೆ ಗಾಳಿ ಮುಚ್ಚಿಕೊಂಡಿರುವ, ನೀರು ಹೀರದ ಗಟ್ಟಿ ಫೋಮ್ ಇನ್ನೊಂದು. ಶಿಬಿರಕ್ಕೆ ಎರಡನೆಯದು ಸರಿ. ಯೋಗದ ಚಾಪೆ ಈ ಜಾತಿಯದೇ ಆದರೂ ಐದಾರು ಮಿಲಿಮೀಟರ್ ದಪ್ಪದ್ದು ಸಾಲದು. ಹತ್ತು ಮಿಲಿಮೀಟರಿನ ಆಸುಪಾಸು ಇರಲಿ, ಇಲ್ಲವೇ ಎರಡು ಚಾಪೆ ಒಂದರ ಮೇಲೊಂದು ಹಾಸಿ. ಚಾರಣಿಗರ ಅಂಗಡಿಗಳಲ್ಲಿ ಚಾಪೆಯ ಮೇಲೆ "ಆರ್ ವ್ಯಾಲ್ಯೂ" ಎಂಬ ಅಂಕಿ ಬರೆದಿರುತ್ತದೆ. ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ ಅದು. ಹೆಚ್ಚಾದಷ್ಟೂ ಬೆಚ್ಚಗೆ. ಎರಡು ಚಾಪೆ ಹಾಸಿದರೆ ಎರಡರ ಅಂಕಿಯನ್ನೂ ಕೂಡಿಸಬಹುದು. ಈ ಮೂರು ತಾಲೂಕುಗಳ ಚಳಿಗೆ 2 ಇದ್ದರೆ ಧಾರಾಳ. ಹಿಮಾಲಯಕ್ಕೆಂದು ಮಾಡಿದ ದುಬಾರಿ ಚಾಪೆಗೆ ಹಣ ಸುರಿಯಬೇಡಿ.

ಗಾಳಿ ತುಂಬುವ ಹಾಸಿಗೆಯ ಮೇಲೆ ನಮ್ಮ ಹುಡುಗರಿಗೆ ವಿಪರೀತ ಮೋಹ. ಮಡಿಸಿದರೆ ಚಿಕ್ಕದು, ಉಬ್ಬಿಸಿದರೆ ಮೆತ್ತಗೆ ಎಂಬುದು ನಿಜ. ಆದರೆ ಒಳಗೆ ಬರೀ ಗಾಳಿಯಿದ್ದರೆ ಆ ಗಾಳಿ ಒಳಗೊಳಗೇ ಸುತ್ತಿ ಶಾಖವನ್ನು ನೆಲಕ್ಕೆ ಸಾಗಿಸುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬಳ್ಳಾರಿ ಜಾಲಿಯದು. ಆ ಸೀಮೆಯ ರಸ್ತೆ ಬದಿ, ಹಳ್ಳದ ದಂಡೆ, ಬೀಳು ಹೊಲ ಎಲ್ಲೆಂದರಲ್ಲಿ ಬೆಳೆದಿರುವ ಜಾಲಿಯ ಮುಳ್ಳು ಚಪ್ಪಲಿಯ ಅಡಿಯನ್ನೇ ತೂರಿ ಬರುತ್ತದೆ. ಮೊದಲ ರಾತ್ರಿಯೇ ಹಾಸಿಗೆ ಚಪ್ಪಟೆ.

ಏನೂ ಕೊಳ್ಳಲು ಆಗದಿದ್ದರೆ? ಸಿಂಧನೂರು ಕಡೆ ಭತ್ತದ ಹುಲ್ಲಿಗೆ ಬರವಿಲ್ಲ. ಗೇಣುದ್ದ ಹುಲ್ಲು ಹರಡಿ, ಅದರ ಮೇಲೆ ತಾಡಪತ್ರಿ, ಅದರ ಮೇಲೆ ಚಾಪೆ. ಇದಕ್ಕಿಂತ ಬೆಚ್ಚಗಿನ ಹಾಸಿಗೆ ಯಾವ ಅಂಗಡಿಯಲ್ಲೂ ಇಲ್ಲ. ಒಣಗಿದ ಹೊಸ ಹುಲ್ಲಾಗಿರಲಿ. ಹಳೆಯ ಬಣವೆಯ ತಳದ ಹುಲ್ಲಿನಲ್ಲಿ ಇಲಿ, ಚೇಳುಗಳಿರುತ್ತವೆ. ಹುಲ್ಲು ಹಾಸಿದ ಕೋಣೆಯಲ್ಲಿ ಮೇಣದ ಬತ್ತಿ, ಸೊಳ್ಳೆ ಬತ್ತಿ ಹಚ್ಚುವಂತಿಲ್ಲ. ಹುಲ್ಲು ಸಿಗದ ಕಡೆ ಅಂಗಡಿಯಿಂದ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಕೇಳಿ ತಂದು ಬಿಚ್ಚಿ ಹಾಸಬಹುದು. ಗೋಣಿಚೀಲವೂ ಆದೀತು. ನೋಡಲು ಚೆಂದವಿಲ್ಲ, ನಿದ್ದೆ ಬರುತ್ತದೆ.

ಕೌದಿ ಮತ್ತು ಕಂಬಳಿ

ಆ ಊರುಗಳ ಮನೆಮನೆಯಲ್ಲೂ ಇರುವ ಕೌದಿಯನ್ನು ನಾವು "ಹಳೆ ಬಟ್ಟೆಯ ಹೊದಿಕೆ" ಎಂದು ಬದಿಗೆ ಸರಿಸುವುದುಂಟು. ಸವೆದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಕೈಯಲ್ಲೇ ಹೊಲಿಯುತ್ತಾರೆ. ಹತ್ತಿರ ಹತ್ತಿರ ಬೀಳುವ ಆ ಹೊಲಿಗೆಯೇ ಅದರ ಗುಟ್ಟು. ಪದರಗಳು ಒಂದಕ್ಕೊಂದು ಜಾರುವುದಿಲ್ಲ, ಒಂದೆಡೆ ಗಂಟಾಗುವುದಿಲ್ಲ, ಒಳಗಿನ ಗಾಳಿ ಸಣ್ಣ ಸಣ್ಣ ಮನೆಗಳಲ್ಲಿ ಕುಳಿತಂತೆ ನಿಲ್ಲುತ್ತದೆ. ನೂರಾರು ಸಲ ಒಗೆದ ಹತ್ತಿ ಬಟ್ಟೆಯಾದ್ದರಿಂದ ಮೈಗೆ ಒರಟಿಲ್ಲ. ಹಾಸಲೂ ಬರುತ್ತದೆ, ಹೊದೆಯಲೂ ಬರುತ್ತದೆ. ಎರಡು ಕೌದಿ ಸಿಕ್ಕರೆ ಒಂದು ಕೆಳಗೆ, ಒಂದು ಮೇಲೆ. ಒಂದೇ ಸಿಕ್ಕರೆ ಕೆಳಗೇ ಇರಲಿ.

ಸಿಂಧನೂರಿನ ಬಂಗಾಳಿ ಕ್ಯಾಂಪುಗಳ ಹೆಣ್ಣುಮಕ್ಕಳು ತಮ್ಮ ನಾಡಿನಿಂದ ತಂದ ಕಾಂಥಾ ಹೊಲಿಗೆಯನ್ನು ಬಿಟ್ಟಿಲ್ಲ. ಅದೂ ಹಳೆಯ ಸೀರೆಗಳ ಪದರವೇ, ಅದೇ ಓಡುವ ಹೊಲಿಗೆಯೇ. ಸಾವಿರಾರು ಕಿಲೋಮೀಟರ್ ದೂರದ ಎರಡು ನಾಡುಗಳ ತಾಯಂದಿರು ಮಕ್ಕಳನ್ನು ಬೆಚ್ಚಗಿಡಲು ಒಂದೇ ಉಪಾಯ ಕಂಡುಕೊಂಡದ್ದು, ಕೊನೆಗೆ ಎರಡೂ ಒಂದೇ ತಾಲೂಕಿನಲ್ಲಿ ಸೇರಿದ್ದು ನನಗಂತೂ ಬಹಳ ಸೋಜಿಗ. ನಮ್ಮ ಕರಾವಳಿ ಜಿಲ್ಲೆಯೇ ಆದ ಉತ್ತರ ಕನ್ನಡದ ಸಿದ್ದಿ ಸಮುದಾಯದವರು ಇಂಥದ್ದನ್ನೇ ಕವಂದಿ ಎನ್ನುತ್ತಾರೆ.

ಕೌದಿಗೆ ಒಂದು ದೌರ್ಬಲ್ಯವಿದೆ. ನೆನೆದರೆ ಕಲ್ಲಿನಷ್ಟು ಭಾರ, ಒಣಗಲು ಒಂದೆರಡು ದಿನದ ಕಟು ಬಿಸಿಲು ಬೇಕು. ಹತ್ತಿ ಒದ್ದೆಯಾದರೆ ಗಾಳಿ ಇದ್ದ ಜಾಗದಲ್ಲಿ ನೀರು ಕುಳಿತು ಶಾಖವನ್ನು ಇನ್ನಷ್ಟು ಬೇಗ ಕಳೆಯುತ್ತದೆ. ಮಳೆ, ಮಂಜು ಬೀಳುವ ಬಯಲಿನಲ್ಲಿ ಮಲಗಬೇಕಾದವರಿಗೆ ಕೌದಿ ಒಗ್ಗುವುದಿಲ್ಲ. ಅವರಿಗೆ ಬೇಕಾದದ್ದು ಕಂಬಳಿ.

ಬಯಲಿನಲ್ಲಿ ಮಲಗುವ ವಿದ್ಯೆಯನ್ನು ಕುರುಬರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿಗಳನ್ನು ತರುಬಿಸುವ ಪದ್ಧತಿ ಅಲ್ಲಿ ಇನ್ನೂ ಇದೆ. ರೈತ ಕಾಳನ್ನೋ ಹಣವನ್ನೋ ಕೊಡುತ್ತಾನೆ, ಕುರಿಗಾಹಿ ಮಂದೆಯ ಪಕ್ಕದಲ್ಲೇ ರಾತ್ರಿ ಕಳೆಯುತ್ತಾನೆ. ಇಂದು ಈ ಹೊಲ, ನಾಳೆ ಆ ಹೊಲ. ಅವನ ಹಾಸಿಗೆ, ಹೊದಿಕೆ, ಮಳೆಗೆ ಕೊಪ್ಪೆ, ಕೂರಲು ಜಮಖಾನೆ ಎಲ್ಲವೂ ಒಂದು ಕರಿ ಕಂಬಳಿ. ದಖ್ಖನಿ ತಳಿಯ ಕುರಿಗಳ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸಿ, ನೂತು, ಗುಂಡಿಮಗ್ಗದಲ್ಲಿ ನೇಯುತ್ತಾರೆ. ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚುವುದರಿಂದ ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿರುತ್ತದೆ, ಬಳಸಿದಂತೆ ಹದವಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಇಂಥ ಕಂಬಳಿಗೆ ಹೆಸರಾದ ಊರು.

ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಎಳೆಗಳ ಒಳಗೆ ಎಳೆದುಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಎಳೆಗಳು ಗುಂಗುರಾಗಿರುವುದರಿಂದ ಭಾರ ಬಿದ್ದರೂ ಪೂರ್ತಿ ಚಪ್ಪಟೆಯಾಗುವುದಿಲ್ಲ. ಕಿಡಿ ಸಿಡಿದರೆ ಥಟ್ಟನೆ ಹತ್ತಿಕೊಳ್ಳುವುದಿಲ್ಲ. ಈಗಿನ ನೈಲಾನ್ ಚೀಲಗಳು ಒಂದು ಕಿಡಿಗೆ ಕರಗಿ ಮೈಗೆ ಅಂಟುವುದನ್ನು ನೋಡಿದವರಿಗೆ ಇದರ ಬೆಲೆ ತಿಳಿದೀತು. ಕಂಬಳಿ ಚುಚ್ಚುತ್ತದೆ ಎಂಬ ದೂರು ನಿಜವೇ. ಒಳಗೆ ಹತ್ತಿಯ ಶೀಟು ಹೊದ್ದು ಮೇಲೆ ಕಂಬಳಿ ಎಳೆದುಕೊಂಡರೆ ತೀರಿತು. ಭಾರವೂ ನಿಜ, ಬೆನ್ನಿಗೆ ಹೊತ್ತು ಬೆಟ್ಟ ಹತ್ತುವವರಿಗೆ ಹೇಳಿದ್ದಲ್ಲ. ಶಿಬಿರಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಅಡ್ಡಿಯಿಲ್ಲ.

ಕಂಬಳಿ ಕೊಳ್ಳುವಾಗ ಮೋಸ ಹೋಗುವುದು ಸುಲಭ. ಪೇಟೆಯಲ್ಲಿ ಕಂಬಳಿ ಎಂದು ಅಗ್ಗಕ್ಕೆ ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್, ಇಲ್ಲವೇ ಹಳೆಯ ಬಟ್ಟೆಗಳನ್ನು ಚಿಂದಿ ಮಾಡಿ ಮತ್ತೆ ನೂತದ್ದು. ಹರಿಯಾಣದ ಪಾಣಿಪತ್ ಈ ಎರಡನೆಯ ಬಗೆಯ ದೊಡ್ಡ ಕೇಂದ್ರ, ಪರಿಹಾರ ಶಿಬಿರಗಳಲ್ಲಿ ಹಂಚುವ ಬೂದು ಬಣ್ಣದ ಕಂಬಳಿಗಳು ಹೆಚ್ಚಾಗಿ ಈ ಬಗೆಯವು. ಅಂಚಿನಿಂದ ಒಂದೆಳೆ ಕಿತ್ತು, ಅಂಗಡಿಯ ಹೊರಗೆ ಜಾಗ್ರತೆಯಿಂದ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್.

ಸ್ಲೀಪಿಂಗ್ ಬ್ಯಾಗಿನ ಮೇಲಿನ ಅಂಕಿ

ಕೆಲವರು ಸ್ಲೀಪಿಂಗ್ ಬ್ಯಾಗನ್ನೇ ಕೊಳ್ಳಲು ಬಯಸುತ್ತಾರೆ. ತಪ್ಪಿಲ್ಲ, ವರ್ಷಕ್ಕೆ ಎರಡು ಮೂರು ಶಿಬಿರಗಳಿಗೆ ಹೋಗುವವರಿಗೆ ಅನುಕೂಲವೇ. ಅದರ ಮೇಲೆ ಮೂರು ಅಂಕಿಗಳಿರುತ್ತವೆ. "ಕಂಫರ್ಟ್" ಎಂದರೆ ಸಾಮಾನ್ಯ ಮಹಿಳೆ ಆರಾಮವಾಗಿ ನಿದ್ದೆ ಮಾಡಬಹುದಾದ ತಾಪಮಾನ. "ಲಿಮಿಟ್" ಎಂದರೆ ಸಾಮಾನ್ಯ ಪುರುಷ ಮುದುಡಿಕೊಂಡು ಹೇಗೋ ನಿದ್ದೆ ಮಾಡಬಹುದಾದ ತಾಪಮಾನ. "ಎಕ್ಸ್‌ಟ್ರೀಮ್" ಎಂದರೆ ನಿದ್ದೆಯ ಮಾತಲ್ಲ, ಜೀವ ಉಳಿಸಿಕೊಳ್ಳುವ ಮಾತು. ಅಗ್ಗದ ಚೀಲಗಳ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗುವುದು ಹೆಚ್ಚಾಗಿ ಈ ಮೂರನೆಯದೇ! ನೀವು ನೋಡಬೇಕಾದದ್ದು ಮೊದಲನೆಯದನ್ನು. ಸಿಂಧನೂರು, ಮಸ್ಕಿಗಳಿಗೆ ಕಂಫರ್ಟ್ 10 ಡಿಗ್ರಿ ಎಂದಿರುವ ಚೀಲ ಸಾಕು. ಇನ್ನೊಂದು ವಿಷಯ, ಈ ಅಂಕಿಗಳನ್ನೆಲ್ಲ ಅಳೆಯುವಾಗ ಚೀಲದ ಕೆಳಗೆ ಒಳ್ಳೆಯ ಚಾಪೆ ಹಾಸಿರುತ್ತಾರೆ. ಚಾಪೆಯಿಲ್ಲದೆ ಸಿಮೆಂಟಿನ ಮೇಲೆ ಚೀಲ ಬಿಚ್ಚಿದವರು ಆ ಅಂಕಿಯನ್ನು ಮರೆಯಬೇಕು.

ಹಕ್ಕಿಯ ಪುಕ್ಕ ತುಂಬಿದ ಚೀಲ ನಮಗೆ ಬೇಡ. ಅಲ್ಲಿ ಚೆನ್ನಾಗಿ ಬಳಕೆಯಾದರೂ ಮರಳಿ ಬಂದು ನಮ್ಮ ಜೂನ್ ತಿಂಗಳ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ನಾರು ತುಂಬಿದ್ದೇ ಲೇಸು, ಮನೆಯಲ್ಲೇ ಒಗೆಯಬಹುದು. ಹಳೆಯ ಡಬಲ್ ಬೆಡ್‌ಶೀಟನ್ನು ಮಡಿಸಿ ಎರಡು ಬದಿ ಹೊಲಿದರೆ ಒಳಚೀಲವಾಗುತ್ತದೆ. ಚೀಲ ಕೊಳೆಯಾಗುವುದಿಲ್ಲ, ಸೆಖೆಯ ರಾತ್ರಿ ಅದೊಂದೇ ಸಾಕಾಗುತ್ತದೆ.

ಬೇಸಗೆಯ ಶಿಬಿರಗಳ ಲೆಕ್ಕವೇ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲು 40 ಡಿಗ್ರಿ ದಾಟುತ್ತದೆ. ಗೋಡೆ, ತಾರಸಿಗಳು ಕಾದು ರಾತ್ರಿಯಿಡೀ ಒಳಗೆ ಶಾಖ ಬಿಡುತ್ತಿರುತ್ತವೆ. ಆಗ ಊರಿನವರು ಮನೆಯೊಳಗೆ ಮಲಗುವುದೇ ಇಲ್ಲ, ಅಂಗಳದಲ್ಲಿ ಹೊರಸು ಹಾಕುತ್ತಾರೆ. ಹಗ್ಗ ಹೆಣೆದ ಹೊರಸಿನಲ್ಲಿ ಕೆಳಗಿನಿಂದಲೂ ಗಾಳಿ ಆಡುತ್ತದೆ. ಚಳಿಗಾಲದಲ್ಲಿ ಅದೇ ಗಾಳಿ ಬೆನ್ನು ಕೊರೆಯುವುದರಿಂದ ಕೌದಿಯ ದಪ್ಪ ಹಾಸು ಬೇಕಾಗುತ್ತದೆ. ನಮ್ಮ ಮುಂಡೇವಿನ ಚಾಪೆ ಬೇಸಗೆಯಲ್ಲಿ ಅಲ್ಲಿಯೂ ಸೊಗಸು.

ಸೊಳ್ಳೆಪರದೆ ಸೊಳ್ಳೆಗೆ ಮಾತ್ರವಲ್ಲ

ಇಷ್ಟೆಲ್ಲ ಬೆಚ್ಚಗಿರುವ ಮಾತಾಯಿತು. ಆದರೆ ಪಟ್ಟಿಯಲ್ಲಿ ಮೊದಲು ಬರೆಯಬೇಕಾದದ್ದು ಸೊಳ್ಳೆಪರದೆ ಎಂದು ನನ್ನ ಅಭಿಪ್ರಾಯ. ಸಿಂಧನೂರಿನ ಕಾಲುವೆ, ಗದ್ದೆಗಳಲ್ಲಿ ನೀರು ನಿಂತಿರುವ ತಿಂಗಳುಗಳಲ್ಲಿ ಸೊಳ್ಳೆಯ ಕಾಟವನ್ನು ವಿವರಿಸಬೇಕಾಗಿಲ್ಲ. ಹೆಚ್ಚಿನವರಿಗೆ ಹೊಳೆಯದ ಕಾರಣ ಇನ್ನೊಂದಿದೆ.

ಕಟ್ಟು ಹಾವು ರಾತ್ರಿ ಸಂಚರಿಸುವ ಹಾವು. ಮಿರುಗುವ ಕಪ್ಪು ಮೈಮೇಲೆ ತೆಳ್ಳಗಿನ ಬಿಳಿ ಪಟ್ಟೆಗಳು. ಇಲಿ, ಹಲ್ಲಿ, ಇತರ ಹಾವುಗಳನ್ನು ಹುಡುಕುತ್ತಾ ಮನೆಯೊಳಗೂ ಬರುತ್ತದೆ. ನೆಲದ ಮೇಲೆ ಮಲಗಿದವರು ನಿದ್ದೆಯಲ್ಲಿ ಹೊರಳಿದಾಗ ಕಚ್ಚುತ್ತದೆ. ಇದರ ಕಡಿತಕ್ಕೆ ನೋವಾಗಲೀ ಊತವಾಗಲೀ ಹೆಚ್ಚಾಗಿ ಇರುವುದಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದವನ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಾಟವೇ ನಿಲ್ಲುತ್ತದೆ. ಹಿಂದಿನ ರಾತ್ರಿಯ ಊಟದ ದೋಷವೆಂದು ತಿಳಿದು ಕಷಾಯ ಕುಡಿಸುತ್ತಾ ಕುಳಿತರೆ ಜೀವ ಹೋದಂತೆಯೇ. ನೆಲದ ಮೇಲೆ ಮಲಗಿದ್ದ ಯಾರಿಗಾದರೂ ಬೆಳಿಗ್ಗೆ ಇಂಥ ಲಕ್ಷಣ ಕಂಡರೆ ಕಡಿತದ ಗುರುತು ಹುಡುಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸಿಂಧನೂರು, ಲಿಂಗಸುಗೂರುಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಶಿಬಿರದ ಸ್ಥಳದಿಂದ ಅಲ್ಲಿಗೆ ಎಷ್ಟು ದೂರ, ರಾತ್ರಿ ಯಾವ ವಾಹನ ಸಿಗುತ್ತದೆ, ಅಲ್ಲಿ ವಿಷನಿರೋಧಕ ಔಷಧಿ ಇದೆಯೇ ಎಂಬುದನ್ನು ಮೊದಲ ದಿನವೇ ವಿಚಾರಿಸಿಡಿ. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರಕಾರ 2024ರಲ್ಲಿ ಆದೇಶಿಸಿದ್ದು ಸುಮ್ಮನೆ ಅಲ್ಲ.

ಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಬಿಗಿಯಾಗಿ ಸಿಕ್ಕಿಸಿದರೆ ಹಾವು, ಚೇಳು ಒಳಗೆ ಬರುವುದು ಕಷ್ಟ. ಆಗ್ನೇಯ ನೇಪಾಳದ ಹಳ್ಳಿಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಪರದೆಯೊಳಗೆ ಮಲಗುವವರಿಗೆ ಹಾವು ಕಡಿತದ ಅಪಾಯ ಗಣನೀಯವಾಗಿ ಕಡಿಮೆ ಎಂದು ತೋರಿಸಿದೆ. ಅಂಚು ನೆಲದ ಮೇಲೆ ಸುಮ್ಮನೆ ಇಳಿಬಿಟ್ಟಿದ್ದರೆ ಪ್ರಯೋಜನವಿಲ್ಲ. ಛತ್ರಿಯಂತೆ ಬಿಚ್ಚಿಕೊಳ್ಳುವ, ತಳವೂ ಇರುವ ಪರದೆಗಳು ಒಬ್ಬೊಬ್ಬರಿಗೆ ಚೆನ್ನ. ಸಾಲಾಗಿ ಮಲಗುವ ಹಾಲಿನಲ್ಲಿ ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ ದೊಡ್ಡ ಪರದೆಗಳನ್ನು ಇಳಿಬಿಡಬಹುದು. ರಾತ್ರಿ ತಿಂಡಿಯ ಚೂರು ಬಿದ್ದಿದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಮಲಗುವ ಮೊದಲು ಗುಡಿಸಿ. ಬೆಳಿಗ್ಗೆ ಶೂ, ಹೊದಿಕೆಗಳನ್ನು ಕೊಡವದೆ ಮುಟ್ಟಬೇಡಿ. ಚಳಿಯೆಂದು ಮುಚ್ಚಿದ ಕೋಣೆಯಲ್ಲೋ ಡೇರೆಯಲ್ಲೋ ಇದ್ದಿಲ ಒಲೆ ಇಟ್ಟು ಮಲಗುವುದಂತೂ ಬೇಡವೇ ಬೇಡ. ಅದರಿಂದ ಬರುವ ವಾಸನೆಯಿಲ್ಲದ ವಿಷಗಾಳಿ ನಿದ್ದೆಯಲ್ಲೇ ಕೊಲ್ಲುತ್ತದೆ.

ಕರಿಮಣ್ಣಿನ ಹೊಲದಲ್ಲಿ ಡೇರೆ ಹಾಕುವವರು ಆಕಾಶ ನೋಡಿಕೊಂಡು ಹಾಕಬೇಕು. ಒಣಗಿದಾಗ ಬಾಯಿಬಿಡುವ ಆ ಬಿರುಕುಗಳು ಹುಳುಹುಪ್ಪಟೆಗಳ ಮನೆ. ಒಂದು ಮಳೆ ಬಿದ್ದರೆ ಮಣ್ಣು ಉಬ್ಬಿ ಅಂಟಾಗಿ ಡೇರೆಯ ಗೂಟವೂ ನಿಲ್ಲುವುದಿಲ್ಲ.

ನಾವು ಹಂಚುವ ಹೊದಿಕೆಗಳು

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಹಾಮಳೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. ಹೆಚ್ಚು ನಷ್ಟ ಅನುಭವಿಸಿದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಮಣ್ಣಿನ ಮಾಳಿಗೆಗಳು ಕುಸಿದು, ಕೌದಿ, ಕಾಳು, ಬಟ್ಟೆಗಳೆಲ್ಲ ನೆನೆದು, ಜನ ಶಾಲೆಗಳ ಬರಿ ನೆಲದಲ್ಲಿ ಮಲಗಿದರು. ಅಂಥ ಹೊತ್ತಿನಲ್ಲಿ ನಾವು ಕರಾವಳಿಯವರು ಮೊದಲು ಸಂಗ್ರಹಿಸುವುದು ಹೊದೆಯುವ ಶೀಟುಗಳನ್ನು. ಉದ್ದೇಶ ಒಳ್ಳೆಯದೇ. ಆದರೆ ಒದ್ದೆ ನೆಲದಲ್ಲಿ ಶೀಟು ಹೊದ್ದವರಿಗೆ ನಮ್ಮ ಹುಡುಗರಿಗೆ ಆದದ್ದೇ ಆಗುತ್ತದೆ, ಇನ್ನೂ ಕೆಟ್ಟದಾಗಿ. ತಾಡಪತ್ರಿ, ದಪ್ಪ ಚಾಪೆ, ಪರದೆ, ಆಮೇಲೆ ಹೊದಿಕೆ ಎಂಬ ಕ್ರಮದಲ್ಲಿ ಕಳುಹಿಸಿದರೆ ಅದೇ ಹಣಕ್ಕೆ ಹೆಚ್ಚು ನಿದ್ದೆ ಸಿಗುತ್ತದೆ.

ಈ ಮಾತು ಹೇಳಲು ಘಟ್ಟ ಹತ್ತಬೇಕಾಗಿಯೂ ಇಲ್ಲ. ಮಳೆಯನ್ನೇ ನಂಬಿದ ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿ, ತಾಂಡಾಗಳಿಂದ ವರ್ಷ ವರ್ಷವೂ ಜನ ಗುಳೆ ಹೊರಡುತ್ತಾರೆ. ಬೆಂಗಳೂರಿಗೆ ಹೋಗುವವರಂತೆ ನಮ್ಮ ಮಂಗಳೂರು, ಉಡುಪಿಗಳಿಗೆ ಬರುವವರೂ ಇದ್ದಾರೆ. ನಮ್ಮ ಫ್ಲ್ಯಾಟುಗಳ, ರಸ್ತೆಗಳ, ಕೆಲವೊಮ್ಮೆ ಇಗರ್ಜಿಯ ಸಭಾಭವನಗಳ ಕಾಂಕ್ರೀಟು ಹೊರುವವರು ಅವರು. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲೋ ನೀಲಿ ತಾಡಪತ್ರಿಯ ಕೆಳಗೋ ತಿಂಗಳುಗಟ್ಟಲೆ ಮಲಗುತ್ತಾರೆ. ನಾವು ನಾಲ್ಕು ರಾತ್ರಿ ಮಾಡುವ ಶಿಬಿರವನ್ನು ಅವರು ವರ್ಷದಲ್ಲಿ ಎಂಟು ತಿಂಗಳು ಮಾಡುತ್ತಾರೆ. ಊರಿನಿಂದ ಗಂಟು ಕಟ್ಟಿ ತಂದ ಕೌದಿ ನಮ್ಮ ಮಳೆಗಾಲದಲ್ಲಿ ಜೂನ್‌ನಲ್ಲಿ ನೆನೆದರೆ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಬೂಸ್ಟು, ಮಕ್ಕಳಿಗೆ ಕೆಮ್ಮು, ಒಂದೇ ಹೊದಿಕೆಯಲ್ಲಿ ನಾಲ್ವರು ಮಲಗುವುದರಿಂದ ಕಜ್ಜಿ. ಮಂಗಳೂರಿನಲ್ಲಿ ಮಲೇರಿಯ ಎಷ್ಟೋ ವರ್ಷ ಕಟ್ಟಡ ಕಾಮಗಾರಿಯ ಜಾಗಗಳ ಸುತ್ತಲೇ ಹೆಚ್ಚಾಗಿ ಕಾಣಿಸಿಕೊಂಡದ್ದನ್ನು ನಮ್ಮ ಓದುಗರು ಮರೆತಿರಲಾರರು.

ನಮ್ಮ ವಾಳೆಯ ವ್ಯಾಪ್ತಿಯಲ್ಲಿದ್ದ ಇಂಥ ಒಂದು ಶೆಡ್ಡಿಗೆ ನಾವು ಕೆಲವರು ಕಂಬಳಿ ಹಂಚಲು ಹೋಗಿದ್ದೆವು. ಜುಲೈ ತಿಂಗಳು. ಸಿಂಧನೂರು ಕಡೆಯ ಒಬ್ಬ ತಾಯಿ ಕಂಬಳಿಯನ್ನು ಗೌರವದಿಂದ ತೆಗೆದುಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾರ, ಹಲಗಿ ಅದಾವೇನ್ರೀ?" ಎಂದರು. ಶೆಡ್ಡಿನ ನೆಲದಲ್ಲಿ ನೀರು ಒಸರುತ್ತಿತ್ತು. ಸೆಂಟ್ರಿಂಗ್ ಹಲಗೆಗಳನ್ನು ಇಟ್ಟಿಗೆಯ ಮೇಲೆ ಜೋಡಿಸಿ ಮಕ್ಕಳನ್ನು ಮಲಗಿಸುತ್ತಿದ್ದರಂತೆ, ಆ ವಾರ ಹಲಗೆಗಳು ಬೇರೆ ಮಹಡಿಯ ಕೆಲಸಕ್ಕೆ ಹೋಗಿದ್ದವು.

ಆ ಮೇಲೆ ನಮ್ಮ ಸಂಗ್ರಹದ ಪಟ್ಟಿ ಬದಲಾಯಿತು. ಸಾಮಾನು ಬರುವ ಮರದ ಪ್ಯಾಲೆಟ್ಟುಗಳನ್ನು ಗೋದಾಮುಗಳಿಂದ ಕೇಳಿ ತರುತ್ತೇವೆ, ಮೊಳೆ ತೆಗೆದು ಜೋಡಿಸಿದರೆ ನೆಲದಿಂದ ಗೇಣೆತ್ತರದ ಮಂಚ. ಅದರ ಮೇಲೆ ನೀರು ಹೀರದ ಫೋಮ್ ಚಾಪೆ. ಔಷಧಿ ಸೇರಿಸಿದ ಸೊಳ್ಳೆಪರದೆ ಕುಟುಂಬಕ್ಕೊಂದು. ಅದನ್ನು ಪದೇ ಪದೇ ಒಗೆಯಬಾರದು, ಬಿಸಿಲಿಗೆ ಬದಲು ನೆರಳಿನಲ್ಲಿ ಒಣಗಿಸಬೇಕು ಎಂದು ತಿಳಿಸಿ ಕೊಡುತ್ತೇವೆ. ಹೊದಿಕೆ ಹತ್ತಿಯದಲ್ಲದೆ ಬೇಗ ಒಣಗುವ ಫ್ಲೀಸ್ ಬಟ್ಟೆಯದು. ಮನೆಗಳಿಂದ ಬಂದ ಹಳೆಯ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸಿಯೇ ಕೊಡುವುದು. ಒಗೆಯಲಾಗದ ದಪ್ಪ ರಗ್ಗುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟರೆ ಕಜ್ಜಿಯ ಹುಳ ಮೈಯ ಸಂಪರ್ಕವಿಲ್ಲದೆ ಸಾಯುತ್ತದೆ.

ಶಿಬಿರಕ್ಕೆ ಹೊರಟವರಿಗೂ ಒಂದು ಸೂಚನೆ ಬಾಕಿ ಇದೆ. ಊರಿನವರು ಕೊಟ್ಟ ಕೌದಿ ಅವರ ಮನೆಯಲ್ಲಿ ಹೆಚ್ಚಾಗಿ ಇದ್ದದ್ದಲ್ಲ, ಆ ರಾತ್ರಿ ಅವರ ಮನೆಯ ಯಾರೋ ಒಬ್ಬರು ಬರಿ ಚಾಪೆಯಲ್ಲಿ ಮಲಗಿರುತ್ತಾರೆ. ಆದ್ದರಿಂದ ಹಾಸಲು ಬೇಕಾದದ್ದನ್ನು ಇಲ್ಲಿಂದಲೇ ಕೊಂಡೊಯ್ಯಿರಿ. ಪಡೆದ ಕೌದಿಯನ್ನು ಹೊರಡುವ ದಿನ ಬೆಳಿಗ್ಗೆ ಕೊಡವಿ, ಶಾಲೆಯ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಬಿಸಿಲಿಗೆ ಹರಡಿ, ಯಾವುದು ಯಾರ ಮನೆಯದೆಂದು ಬರೆದಿಟ್ಟುಕೊಂಡು ಅವರವರ ಬಾಗಿಲಿಗೇ ಮುಟ್ಟಿಸಿ ಬನ್ನಿ.